ಎಕ್ಸ್‌ರೇ ಆದಮೇಲೆ ಬಸಿರೆಂದು ಗೊತ್ತಾದರೆ: ‘10 ದಿನದ ನಿಯಮ’ ಬಂದದ್ದು, ಹೋದದ್ದು

ಮುಧೋಳ, ಜಮಖಂಡಿ ಕಡೆ ಕಬ್ಬಿನ ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಸೊಂಟನೋವು ಹೊಸದಲ್ಲ. ಬಾಗಲಕೋಟೆಗೆ ಬಂದು ಎಕ್ಸ್‌ರೇ ತೆಗೆಸುತ್ತಾರೆ, 10-15 ದಿನಕ್ಕೆ ಮುಟ್ಟು ನಿಂತದ್ದು ಗೊತ್ತಾಗುತ್ತದೆ. ‘ಇನ್ನ ಕೂಸು ನೆಟ್ಟಗಿರೂದಿಲ್ಲ, ತೆಗಿಸಿಬಿಡ್ರಿ’ ಎನ್ನುವವರು ಮನೆಯಲ್ಲೂ ಇದ್ದಾರೆ, ಕೆಲವೊಮ್ಮೆ ದವಾಖಾನೆಯಲ್ಲೂ.

ಈ ಭಯದ ಬೇರು 1950ರ ದಶಕದಲ್ಲಿದೆ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ ಲಿಯಾನ್ ಮತ್ತು ವಿಲಿಯಂ ರಸೆಲ್ ದಂಪತಿ ಗಬ್ಬದ ಇಲಿಗಳಿಗೆ ಬೇರೆ ಬೇರೆ ದಿನ ವಿಕಿರಣ ಕೊಟ್ಟು ನೋಡಿದರು. ಅಂಗಾಂಗ ಮೂಡುವ ಹೊತ್ತಿಗೆ 200 ರಾಂಟ್‌ಜನ್ (ವಿಕಿರಣ ಅಳೆಯುವ ಹಳೆಯ ಮಾನ) ಬಿದ್ದಾಗ ಮರಿಗಳು ಊನವಾದವು. ಭ್ರೂಣ ಗರ್ಭಕೋಶಕ್ಕೆ ಅಂಟುವ ಮೊದಲೇ ಬಿದ್ದಾಗ ಬಹಳಷ್ಟು ಸತ್ತವು, ಬದುಕಿದವು ಹೆಚ್ಚುಕಮ್ಮಿ ಸರಿಯಾಗಿಯೇ ಹುಟ್ಟಿದವು. ಹೊಟ್ಟೆ, ಸೊಂಟದ ಎಕ್ಸ್‌ರೇಯನ್ನು ಮುಟ್ಟಾದ 14 ದಿನದೊಳಗೆ ಮುಗಿಸಿ ಎಂದು 1952ರಲ್ಲಿ ಅವರು ಹೇಳಿದರು. ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗ ಮುಂದೆ 10 ದಿನ ಎಂದಿತು; ಅಷ್ಟರೊಳಗೆ ಗರ್ಭ ಕಟ್ಟಿರುವುದಿಲ್ಲ ಎಂಬುದು ಎಣಿಕೆ.

ಆದರೆ ಆ ಇಲಿಗಳ ಪ್ರಯೋಗದಲ್ಲೇ ಇನ್ನೊಂದು ಉತ್ತರವೂ ಇತ್ತು. ಗರ್ಭ ಕಟ್ಟಿದ ಮೊದಲ ವಾರದಲ್ಲಿ ಭ್ರೂಣದ ಜೀವಕೋಶಗಳಿಗೆ ಇನ್ನೂ ಕೆಲಸ ಹಂಚಿಕೆಯಾಗಿರುವುದಿಲ್ಲ. ಕೆಲವು ಸತ್ತರೆ ಉಳಿದವು ಆ ಜಾಗ ತುಂಬುತ್ತವೆ. ಬಹಳ ಸತ್ತರೆ ಭ್ರೂಣ ಅಂಟುವುದೇ ಇಲ್ಲ, ಮುಟ್ಟು ನಾಲ್ಕು ದಿನ ತಡವಾಗಿ ಬರುತ್ತದೆ, ಅಷ್ಟೆ. (ಇದು ನೂರಕ್ಕೆ ನೂರು ನಿಜವಲ್ಲ: ಒಂದು ತಳಿಯ ಇಲಿಯಲ್ಲಿ ಈ ಹಂತದ ವಿಕಿರಣದಿಂದಲೂ ಹೊಟ್ಟೆಯ ಗೋಡೆ ಕೂಡದ ಮರಿಗಳು ಕಂಡಿವೆ.) ಹೀಗಾಗಿ 1980ರ ದಶಕದಲ್ಲಿ ಆಯೋಗ 10 ದಿನದ ನಿಯಮ ಕೈಬಿಟ್ಟಿತು. ‘ಮುಟ್ಟು ತಪ್ಪಿದೆಯೇ?’ ಎಂದು ಕೇಳಿದರೆ ಸಾಕು ಎಂದಾಯಿತು.

ಹಿರೋಶಿಮಾ, ನಾಗಾಸಾಕಿಯಲ್ಲಿ ಅಣುಬಾಂಬ್ ಬಿದ್ದಾಗ ತಾಯ ಹೊಟ್ಟೆಯಲ್ಲಿದ್ದ ಮಕ್ಕಳನ್ನು ಗಮನಿಸಿದ ಸಂಶೋಧಕರಾದ ಒಟಾಕೆ ಮತ್ತು ಶುಲ್ 1984ರಲ್ಲಿ ತೋರಿಸಿದ್ದೂ ಇದಕ್ಕೆ ಹೊಂದುತ್ತದೆ: ಬುದ್ಧಿಮಾಂದ್ಯ ಹೆಚ್ಚಿದ್ದು 8ರಿಂದ 15 ವಾರದ ಗರ್ಭದಲ್ಲಿ, 8 ವಾರಕ್ಕೆ ಮೊದಲಲ್ಲ. ಬಸಿರಲ್ಲಿ ತೆಗೆದ ಎಕ್ಸ್‌ರೇ ಮಗುವಿಗೆ ಬಾಲ್ಯದಲ್ಲಿ ಕ್ಯಾನ್ಸರ್ ತಂದೀತೇ ಎಂದು ಬ್ರಿಟನ್ನಿನ ವೈದ್ಯೆ ಅಲಿಸ್ ಸ್ಟೂವರ್ಟ್ 1956ರಲ್ಲಿ ಎತ್ತಿದ ಪ್ರಶ್ನೆ ಮಾತ್ರ ಇನ್ನೂ ಉಳಿದಿದೆ. 10 ಮಿಲಿಗ್ರೇಗೆ (ಮಿಲಿಗ್ರೇ ಎಂದರೆ ದೇಹ ಹೀರಿಕೊಂಡ ವಿಕಿರಣದ ಅಳತೆ) ಆ ಅಪಾಯ ಶೇ 40ರಷ್ಟು ಏರಬಹುದು, ಆದರೆ ಮೂಲ ಅಪಾಯವೇ ತೀರ ಸಣ್ಣದು.

ಈಗ ಲೆಕ್ಕ. ಎದೆಯ ಎಕ್ಸ್‌ರೇಯಿಂದ ಭ್ರೂಣಕ್ಕೆ 0.01 ಮಿಲಿಗ್ರೇಗಿಂತ ಕಡಿಮೆ, ಸೊಂಟದ ಬೆನ್ನುಮೂಳೆಯದ್ದರಿಂದ ಸರಾಸರಿ 1.7, ಹೊಟ್ಟೆಯ ಸಿಟಿ ಸ್ಕ್ಯಾನ್‌ನಿಂದ 8, ಕೆಳಹೊಟ್ಟೆಯ ಸಿಟಿಯಿಂದ 25. ಸೋನೋಗ್ರಫಿಯಲ್ಲಿ ಎಕ್ಸ್‌ಕಿರಣವೇ ಇಲ್ಲ. 100 ಮಿಲಿಗ್ರೇಗಿಂತ ಕಡಿಮೆ ಇದ್ದರೆ ವಿಕಿರಣದ ಕಾರಣಕ್ಕೆ ಗರ್ಭಪಾತ ಬೇಡ ಎಂಬುದು ಆಯೋಗದ ನಿಲುವು.

ಎಡವಟ್ಟಾಗುವುದು ಎರಡು ಕಡೆ. ಒಂದು, ವಾರದ ಎಣಿಕೆ: ವೈದ್ಯರು ಕೊನೆಯ ಮುಟ್ಟಿನಿಂದ ಎಣಿಸುತ್ತಾರೆ, ಮೇಲಿನ ವಾರಗಳು ಗರ್ಭ ಕಟ್ಟಿದ ದಿನದಿಂದ. ಎರಡು ವಾರದ ಈ ವ್ಯತ್ಯಾಸ ಮರೆತರೆ ನಿರ್ಧಾರವೇ ತಿರುವುಮುರುವು. ಇನ್ನೊಂದು, ಸಿಟಿಯನ್ನು ಡೈ (ಚಿತ್ರ ಸ್ಪಷ್ಟವಾಗಲು ಕೊಡುವ ದ್ರವ) ಹಾಕದೆ ಒಮ್ಮೆ, ಹಾಕಿ ಮತ್ತೊಮ್ಮೆ ತೆಗೆದಿದ್ದರೆ ಪ್ರಮಾಣ ಹೆಚ್ಚುಕಮ್ಮಿ ಇಮ್ಮಡಿ. ಹಾಗಾಗಿ ಸ್ತ್ರೀರೋಗ ತಜ್ಞರ ಬಳಿ ಹೋಗುವಾಗ ಫಿಲ್ಮ್ ಒಂದೇ ಸಾಲದು. ಯಂತ್ರ ಕೊನೆಗೆ ಕೊಡುವ ಡೋಸ್ ರಿಪೋರ್ಟಿನ ಪ್ರತಿ, ತೆಗೆದ ತಾರೀಖು, ಕೊನೆಯ ಮುಟ್ಟಿನ ತಾರೀಖು ಜೊತೆಗಿರಲಿ.