46 ಎಲ್ಲಿ 23 ಆಗುತ್ತದೆ? ವೀರ್ಯಾಣು ತಯಾರಾಗುವ ಬಗೆ

ಸೆಕೆಂಡ್ ಪಿಯು ಬಯಾಲಜಿಯಲ್ಲಿ ಈ ಪಾಠ ಬಂದಾಗ ನಾವೆಲ್ಲ ತಲೆ ತಗ್ಗಿಸಿ ಕೂತಿದ್ದೆವು. ಒಬ್ಬರೂ ಡೌಟ್ ಕೇಳಲಿಲ್ಲ. ಕಬ್ಬನ್ ಪಾರ್ಕಿನ ಲೈಬ್ರರಿಯಲ್ಲಿ ಕೂತು ಮತ್ತೆ ಓದಿದಾಗಲೇ ನನಗೆ ತಿಳಿದದ್ದು: ಹೆಸರುಗಳನ್ನು ಸುಮ್ನೆ ಉರು ಹೊಡೆಯಬೇಡಿ, ವರ್ಣತಂತುಗಳನ್ನು (ಕ್ರೋಮೋಸೋಮ್) ಎಣಿಸುತ್ತಾ ಹೋಗಿ.

ಕೆಲಸ ನಡೆಯುವುದು ವೃಷಣದೊಳಗಿನ ಸುರುಳಿ ನಾಳಗಳಲ್ಲಿ. ಅಲ್ಲಿ ದೇಹದ ಬಿಸಿಗಿಂತ 2ರಿಂದ 2.5 ಡಿಗ್ರಿ ಕಮ್ಮಿ ಇರಬೇಕು. ವೃಷಣಗಳು ಹೊಟ್ಟೆಯ ಹೊರಗೆ ಚೀಲದಲ್ಲಿ ಇರುವುದು ಅದಕ್ಕೇ.

ನಾಳದ ಗೋಡೆಗೆ ಅಂಟಿಕೊಂಡಿರುವವು ಸ್ಪರ್ಮಟೋಗೋನಿಯಾ ಎಂಬ ಮೂಲ ಕೋಶಗಳು. ವರ್ಣತಂತು 46. ಇವು ಮೈಟಾಸಿಸ್‌ನಿಂದ (ಸಂಖ್ಯೆ ಬದಲಾಗದ ವಿಭಜನೆ) ಹೆಚ್ಚುತ್ತವೆ. ಕೆಲವು ಮುಂದಿನ ಹಂತಕ್ಕೆ ಹೋದರೆ ಕೆಲವು ಹಾಗೇ ಉಳಿಯುತ್ತವೆ, ನಾಳೆಯ ಮೊಸರಿಗೆ ಹೆಪ್ಪು ಎತ್ತಿಟ್ಟ ಹಾಗೆ. ಹರೆಯದಲ್ಲಿ ಶುರುವಾದದ್ದು ಮುಪ್ಪಿನವರೆಗೂ ನಡೆಯುವುದು ಈ ಹೆಪ್ಪಿನಿಂದಲೇ.

ಮುಂದೆ ಹೋದದ್ದು ಪ್ರೈಮರಿ ಸ್ಪರ್ಮಟೋಸೈಟ್. ಜಾಸ್ತಿ ಜನ ಎಡವುವುದು ಇಲ್ಲೇ. ಡಿಎನ್‌ಎ ಎರಡು ಪಟ್ಟಾಗಿರುತ್ತದೆ, ಆದರೂ ಪ್ರತಿಗಳು ಅಂಟಿಕೊಂಡೇ ಇರುವುದರಿಂದ ವರ್ಣತಂತು 46 ಮಾತ್ರ. ಸಂಖ್ಯೆ ಅರ್ಧ ಮಾಡುವ ಮಿಯಾಸಿಸ್‌ನ ಮೊದಲ ವಿಭಜನೆಯಲ್ಲಿ ಜೋಡಿ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡು ಬೇರೆಯಾಗುತ್ತವೆ. ಎರಡು ಸೆಕೆಂಡರಿ ಸ್ಪರ್ಮಟೋಸೈಟ್ ಸಿಗುತ್ತವೆ, ಒಂದೊಂದರಲ್ಲಿ 23. ಎರಡನೇ ವಿಭಜನೆಯಲ್ಲಿ ಅಂಟಿದ್ದ ಪ್ರತಿಗಳು ಬೇರೆಯಾಗಿ ನಾಲ್ಕು ಸ್ಪರ್ಮಟಿಡ್, ಆಗಲೂ 23. ಅಂದರೆ ಸಂಖ್ಯೆ ಅರ್ಧವಾಗುವುದು ಮೊದಲ ವಿಭಜನೆಯಲ್ಲೇ. ನಾಲ್ಕರಲ್ಲಿ ಎರಡಕ್ಕೆ ಎಕ್ಸ್, ಎರಡಕ್ಕೆ ವೈ.

ಸ್ಪರ್ಮಟಿಡ್ ಇನ್ನೂ ದುಂಡಗಿನ ಕೋಶ. ಅದು ಬಾಲವಿರುವ ವೀರ್ಯಾಣು ಆಗುವುದು ಸ್ಪರ್ಮಿಯೋಜೆನೆಸಿಸ್. ಇಲ್ಲಿ ವಿಭಜನೆಯೇ ಇಲ್ಲ, ರೂಪ ಬದಲಾಗುತ್ತದೆ ಅಷ್ಟೇ. ಗಾಲ್ಜಿ ಎಂಬ ಕೋಶಭಾಗದಿಂದ ತಲೆಗೆ ಅಕ್ರೋಸೋಮ್ ಎಂಬ ಟೋಪಿ. ಮೈಟೋಕಾಂಡ್ರಿಯಾಗಳು ನಡುಭಾಗಕ್ಕೆ ಸುತ್ತಿಕೊಂಡು ಈಜಲು ಶಕ್ತಿ ಕೊಡುತ್ತವೆ. ಬೇಡದ ಸೈಟೋಪ್ಲಾಸಂ (ಕೋಶದ ರಸ) ಕಳಚಿ ಬೀಳುತ್ತದೆ. ಎಷ್ಟು ಅಚ್ಚುಕಟ್ಟು ಅಲ್ವಾ! ಈ ಹೊತ್ತಿನಲ್ಲೆಲ್ಲ ಅವನ್ನು ಪೋಷಿಸುವುದು ಸರ್ಟೋಲಿ ಕೋಶಗಳು. ಕೊನೆಗೆ ಅವುಗಳಿಂದ ಬಿಡಿಸಿಕೊಂಡು ನಾಳದೊಳಕ್ಕೆ ಬರುವುದು ಸ್ಪರ್ಮಿಯೇಷನ್.

ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಎರಡು ಹಾರ್ಮೋನಿಗೆ ಒಂದು ಗುರುತು ಸಾಕು: ಎಲ್‌ಎಚ್ ಹೋಗುವುದು ನಾಳಗಳ ನಡುವಿನ ಲೇಡಿಗ್ ಕೋಶಕ್ಕೆ, ಟೆಸ್ಟೋಸ್ಟೆರಾನ್ ಬರುವುದು ಅಲ್ಲಿಂದ. ಎಫ್‌ಎಸ್‌ಎಚ್ ಸರ್ಟೋಲಿಗೆ.

ನಾಳದೊಳಗಿನ ಇಷ್ಟು ಕೆಲಸಕ್ಕೇ ಎರಡು ತಿಂಗಳ ಮೇಲೆ ಬೇಕು. ಆಮೇಲೂ ವೀರ್ಯಾಣುವಿಗೆ ಸರಿಯಾಗಿ ಈಜಲು ಬಾರದು. ಸುಮಾರು 6 ಮೀಟರ್ ಉದ್ದದ ಎಪಿಡಿಡಿಮಿಸ್ ಎಂಬ ಮಡಿಕೆ ನಾಳದಲ್ಲಿ ಸಾಗುತ್ತಾ ಆ ಶಕ್ತಿ ಬರುತ್ತದೆ. ಹಾಗಾಗಿ ಇವತ್ತು ಜೋರು ಜ್ವರ ಬಂದರೆ ಅದರ ಪೆಟ್ಟು ಎಷ್ಟೋ ವಾರಗಳ ನಂತರದ ಟೆಸ್ಟಿನಲ್ಲಿ ಕಾಣಬಹುದು. ವೀರ್ಯ ಪರೀಕ್ಷೆಗೆ ಬಂದವರನ್ನು ಡಾಕ್ಟರು "ಎರಡು ಮೂರು ತಿಂಗಳಲ್ಲಿ ಜ್ವರ ಏನಾದರೂ ಬಂದಿತ್ತಾ?" ಎಂದು ಕೇಳುವುದು ಇದಕ್ಕೇ.