ಸಾಮಂತ: ಹುದ್ದೆಯೂ ಅಲ್ಲ, ಬೈಗುಳವೂ ಅಲ್ಲ

‘ಕೆರಳಿದ ಅರಸ ಅವನನ್ನು ಸಾಮಂತನ ಹುದ್ದೆಯಿಂದ ಕಿತ್ತುಹಾಕಿದ.’ ಕಲ್ಪಿತ ರಾಜ್ಯವೊಂದರ ವೀರಕಥೆಯ ಕಾದಂಬರಿಯ ಕರಡಿನಲ್ಲಿ ಈ ವಾಕ್ಯ ಮೊನ್ನೆ ಮತ್ತೆ ಎದುರಾಯಿತು. ಗಂಗಾವತಿ ಕಡೆಯ ಕಲ್ಲುಬೆಟ್ಟ, ಹೊಳೆ, ಕೋಟೆ ಎಲ್ಲವೂ ಬರಹದಲ್ಲಿ ಚೆನ್ನಾಗಿ ಮೂಡಿದ್ದವು. ಸಾಮಂತ ಕಾಲಿಟ್ಟ ಕೂಡಲೇ ಕತೆ ಹದಗೆಟ್ಟಿತು. ಅವನು ವರ್ಷಪೂರ್ತಿ ರಾಜಧಾನಿಯ ಅರಮನೆಯಲ್ಲೇ ಇರುತ್ತಾನೆ, ಕಂಬದ ಮರೆಯಲ್ಲಿ ಪಿಸುಗುಡುತ್ತಾನೆ, ಯುವರಾಜನ ಹಾಲಿಗೆ ವಿಷ ಬೆರೆಸುತ್ತಾನೆ. ಸ್ವಂತ ಊರಿಲ್ಲ, ದಂಡಿಲ್ಲ. ಅಂಥವನು ಆಸ್ಥಾನದ ಒಬ್ಬ ಚಾಡಿಕೋರನಾದಾನು, ಸಾಮಂತನಾಗಲಾರ.

ಮೊದಲು ಪದ ಎಲ್ಲಿಂದ ಬಂತು ನೋಡೋಣ. ‘ಶ್ರೀಮಂತ’ದ ‘ಮಂತ’ವೇ ಇಲ್ಲೂ ಇದೆ, ಸಾಮ-ದಾನ-ಭೇದ-ದಂಡಗಳಲ್ಲಿ ಸಾಮ ಬಲ್ಲವನೇ ಸಾಮಂತ ಎಂದು ವಿವರಿಸುವವರಿದ್ದಾರೆ. ಕೇಳಲು ಇಂಪು, ಆದರೆ ಪೂರಾ ತಪ್ಪು. ಹಾಗಿದ್ದರೆ ಪದ ‘ಸಾಮವಂತ’ ಆಗಬೇಕಿತ್ತು. ಇಲ್ಲಿರುವುದು ‘ಅಂತ’, ಅಂದರೆ ಕೊನೆ, ಎಲ್ಲೆ. ‘ಸಮ್’ ಕೂಡಿ ‘ಸಮಂತ’ ಆಯಿತು: ಎಲ್ಲೆಗಳು ಒಂದಕ್ಕೊಂದು ತಾಗುವ ಜಾಗ, ಸುತ್ತುಮುತ್ತ. ಪರ್ವತದಿಂದ ಪಾರ್ವತಿ, ನಗರದಿಂದ ನಾಗರಿಕ ಬಂದ ಹಾಗೆಯೇ ಸಮಂತದಿಂದ ಸಾಮಂತ, ಎಲ್ಲೆಗೆ ಎಲ್ಲೆ ಹಚ್ಚಿ ಇರುವವನು. ಮೂಲದಲ್ಲಿ ಇಷ್ಟೇ ಅರ್ಥ. ದೊರೆ ಎಂಬ ಅರ್ಥವೇ ಅದರಲ್ಲಿ ಇರಲಿಲ್ಲ.

ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಹೊಲದ ಸೀಮೆಯ ಜಗಳ ಬಂದಾಗ ಯಾರನ್ನು ಕೇಳಬೇಕೆಂದು ಹೇಳುವಲ್ಲಿ ‘ಸಾಮಂತರು’ ಬರುತ್ತಾರೆ. ಕಿರೀಟ ಇಟ್ಟವರಲ್ಲ, ಅಕ್ಕಪಕ್ಕದ ಹೊಲದವರು. ಇವತ್ತಿಗೂ ಬದುವಿನ ತಕರಾರಿಗೆ ಊರವರು ಸೇರಿದಾಗ ಮೊದಲು ಕರೆಯುವುದು ಪಕ್ಕದ ಹೊಲದ ಹಿರಿಯನನ್ನೇ, ಯಾಕೆಂದರೆ ಬಾಂದುಗಲ್ಲು ಮೊದಲು ಎಲ್ಲಿತ್ತು ಎಂದು ಬಲ್ಲವನು ಅವನು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಸಾಮಂತ ಎಂದರೆ ನೆರೆರಾಜ್ಯದ ಅರಸ. ಅವನು ಯಾರಿಗೂ ಅಧೀನನಲ್ಲ. ಎಲ್ಲೆ ತಾಗಿದ್ದರಿಂದಲೇ ಅವನಿಂದ ಅಪಾಯ ಹೆಚ್ಚು.

ಸುಮಾರು 5-6ನೇ ಶತಮಾನದ ಹೊತ್ತಿಗೆ ಅರ್ಥ ಹೊರಳಿತು. ಗೆದ್ದ ಸಾಮ್ರಾಟ ನೆರೆಯವನನ್ನು ಕೊಲ್ಲದೆ, ಅವನ ನೆಲವನ್ನು ಅವನಿಗೇ ಬಿಟ್ಟು, ಕಪ್ಪ ಕೊಡು, ಕರೆದಾಗ ದಂಡು ತೆಗೆದುಕೊಂಡು ಬಾ ಎಂದು ಕಟ್ಟು ಹಾಕಿದ. ನೆರೆಯವ ಅಧೀನನಾದ, ಹೆಸರು ಮಾತ್ರ ಹಾಗೇ ಉಳಿಯಿತು. ಈ ಹಳೆಯ ಅರ್ಥ ಗೊತ್ತಿರಬೇಕೆಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ: ಸಾಮಂತ ಎಷ್ಟೇ ಬಾಗಿದರೂ ಅವನ ಕಾಲ ಕೆಳಗೆ ಅವನದೇ ನೆಲ ಇರುತ್ತದೆ, ಬೆನ್ನ ಹಿಂದೆ ಅವನದೇ ಮಂದಿ ಇರುತ್ತಾರೆ. ಅವನನ್ನು ಒಂದು ಆಜ್ಞೆಯಿಂದ ‘ವಜಾ’ ಮಾಡಲು ಬರುವುದಿಲ್ಲ, ದಂಡೆತ್ತಿಯೇ ಹೋಗಬೇಕು. ರಾಜಕೀಯದ ಕತೆಗೆ ಬೇಕಾದ ಬಿಸಿ ಹುಟ್ಟುವುದೇ ಇಲ್ಲಿ.

ಇನ್ನು ಸಾಮಂತ ಎಂಬುದನ್ನು ಹಗುರವಾದ ಮಾತೆಂದು ಬಳಸುವವರಿಗೆ ಪಂಪನ ಒಂದೇ ಪದ ಸಾಕು. 941ರ ವಿಕ್ರಮಾರ್ಜುನ ವಿಜಯದಲ್ಲಿ ಅವನು ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದಾಗಿಸಿ ಕೊಡುವ ಬಿರುದುಗಳಲ್ಲಿ ‘ಸಾಮಂತಚೂಡಾಮಣಿ’ ಒಂದು. ವೇಮುಲವಾಡದ ಅರಿಕೇಸರಿ ರಾಷ್ಟ್ರಕೂಟರ ಸಾಮಂತ. ಹಾಗಿದ್ದೂ ತನ್ನ ಮೇಲರಸ, ರಾಷ್ಟ್ರಕೂಟರ ನಾಲ್ವಡಿ ಗೋವಿಂದನನ್ನು ಇಳಿಸಿ ಬದ್ದೆಗನಿಗೆ ಪಟ್ಟ ದೊರಕಿಸುವುದರಲ್ಲಿ ಅವನ ಕೈ ದೊಡ್ಡದು. ಕವಿ ಅದನ್ನು ಮುಚ್ಚಿಡದೆ ಹೊಗಳಿಯೇ ಹೇಳುತ್ತಾನೆ. ವಿಷದ ಬಟ್ಟಲು ಬೇಕಾಗಲಿಲ್ಲ.

ನಮ್ಮ ಸೀಮೆಯಲ್ಲೇ ಹುಡುಕಿದರೆ ಸಿಂದರು ಸಿಗುತ್ತಾರೆ. ಇವತ್ತಿನ ಕೊಪ್ಪಳ ಜಿಲ್ಲೆಯ ಯಲಬುರ್ಗಾ ಅಂದಿನ ಎರಂಬರಗೆ, ಅಲ್ಲೊಂದು ಸಿಂದರ ಮನೆ. ಬಳ್ಳಾರಿ ಪಕ್ಕದ ಕುರುಗೋಡಿನಲ್ಲಿ ಇನ್ನೊಂದು. ಇಬ್ಬರೂ ಕಲ್ಯಾಣ ಚಾಲುಕ್ಯರ ಸಾಮಂತರು. ಎರಂಬರಗೆಯ ಆಚುಗಿ ಆರನೇ ವಿಕ್ರಮಾದಿತ್ಯನ ಪರವಾಗಿ ಹೊಯ್ಸಳರ ಮೇಲೆ ಕಾದಿದವನು. ಇಂಥವರ ಶಾಸನದಲ್ಲಿ ಮಾತು ಸಾಗುವ ಕ್ರಮ ಕಾದಂಬರಿಕಾರರಿಗೆ ದೊಡ್ಡ ಪಾಠ. ಮೊದಲು ಚಕ್ರವರ್ತಿಯ ಉದ್ದದ ಪ್ರಶಸ್ತಿ, ಅವನ ವಿಜಯರಾಜ್ಯ ‘ಆಚಂದ್ರಾರ್ಕತಾರಂಬರಂ ಸಲುತ್ತಮಿರೆ’, ಅಂದರೆ ಚಂದ್ರ ಸೂರ್ಯ ತಾರೆಗಳಿರುವವರೆಗೂ ನಡೆಯುತ್ತಿರಲು, ಎಂಬ ಮಾತು, ಆಮೇಲೆ ‘ತತ್ಪಾದಪದ್ಮೋಪಜೀವಿ’, ಅಂದರೆ ಅವನ ಪಾದಕಮಲವನ್ನು ನೆಚ್ಚಿ ಬಾಳುವವನು. ಇಷ್ಟಾದ ಮೇಲೆಯೇ ‘ಸಮಧಿಗತ ಪಂಚಮಹಾಶಬ್ದ ಮಹಾಮಂಡಳೇಶ್ವರಂ’ ಎಂದು ಸಾಮಂತನ ಸ್ವಂತ ಬಿರುದು ಶುರು. ಪಂಚಮಹಾಶಬ್ದ ಎಂದರೆ ಐದು ವಾದ್ಯ ನುಡಿಸಿಕೊಳ್ಳುವ ಗೌರವ. ಅದನ್ನು ಮೇಲಿನವನು ಕೊಡಬೇಕು, ತಾನಾಗಿ ತೆಗೆದುಕೊಳ್ಳುವಂತಿಲ್ಲ.

ಈಗ ಯೋಚಿಸಿ: ಒಂದು ದಿನ ಕಲ್ಲುಕುಟಿಗ ಬಂದು ‘ತತ್ಪಾದಪದ್ಮೋಪಜೀವಿ’ ಕೆತ್ತಬೇಕೋ ಬೇಡವೋ ಎಂದು ಕೇಳುತ್ತಾನೆ. ಸಾಮಂತ ಬೇಡ ಅನ್ನುತ್ತಾನೆ. ಬಂಡಾಯದ ಮೊದಲ ಹೆಜ್ಜೆ ಅಲ್ಲಿಯೇ ಬಿತ್ತು, ಒಂದು ಕತ್ತಿಯೂ ಒರೆಯಿಂದ ಹೊರಬಂದಿಲ್ಲ. ಚಾಲುಕ್ಯರ ಮಹಾಮಂಡಲೇಶ್ವರನಾಗಿದ್ದ ಕಲಚುರಿ ಬಿಜ್ಜಳ ಸಾರ್ವಭೌಮನ ಬಿರುದುಗಳನ್ನು ತಾನೇ ತೊಟ್ಟು 1162ರ ಹೊತ್ತಿಗೆ ಕಲ್ಯಾಣವನ್ನೇ ಹಿಡಿದಿದ್ದ. ಅವನಿಗಿಂತ ಮೊದಲು 973ರಲ್ಲಿ ರಾಷ್ಟ್ರಕೂಟರನ್ನು ಕೆಡವಿದ ಎರಡನೇ ತೈಲಪ ಅವರ ಸಾಮಂತನೇ. ಆ ರಾಷ್ಟ್ರಕೂಟರ ದಂತಿದುರ್ಗ 753ರ ಹೊತ್ತಿಗೆ ಬಾದಾಮಿ ಚಾಲುಕ್ಯರನ್ನು ಮೀರಿ ಎದ್ದಾಗ ಅವನೂ ಸಾಮಂತ. ಹೀಗಿರುವಾಗ ಈ ಪಾತ್ರವನ್ನು ಕಂಬದ ಮರೆಗೆ ಯಾಕೆ ತಳ್ಳುತ್ತೀರಿ?

ಸಾಮಂತನೊಂದಿಗೆ ಬೆರೆಸಬಾರದ ಪದಗಳೂ ಇವೆ. ಪಾಳೇಗಾರ ಬೇರೆ ಕಾಲದವನು. ವಿಜಯನಗರದ ಆಡಳಿತದೊಳಗೆ ಬೆಳೆದು ಅದು ಮುರಿದ ಮೇಲೆ ಬಲಿತವನು. ಬಳ್ಳಾರಿಯ ಹಂಡೆ ನಾಯಕರು, ಹರಪನಹಳ್ಳಿಯವರು ಈ ಸಾಲಿಗೆ ಸೇರುತ್ತಾರೆ. ಶ್ರೀಮಂತನಿಗೆ ದುಡ್ಡಿದ್ದರೆ ಸಾಕು.

ಆದರೆ ವಿಜಯನಗರದ ಅಮರನಾಯಕ ಮತ್ತು ಸಾಮಂತ, ಇವೆರಡನ್ನು ಬೆರೆಸುವುದು ಮಾತ್ರ ನಿಜಕ್ಕೂ ಕತೆ ಕೆಡಿಸುವ ತಪ್ಪು, ಅದರಲ್ಲೂ ಹಂಪಿಯನ್ನು ಮನಸ್ಸಿನಲ್ಲಿಟ್ಟು ಬರೆಯುವವರಿಗೆ. ನಾಯಕನ ಸೀಮೆ ಅರಸನದು. ದಂಡು ಸಾಕಲೆಂದು ಕೊಟ್ಟದ್ದು, ಬೇಕೆಂದಾಗ ಹಿಂದಕ್ಕೆ ಪಡೆಯಬಹುದಾದದ್ದು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಂತೆ ನೆಲವೆಲ್ಲ ಅರಸನದೇ, ನಾಯಕರು ಅವನಿಂದ ಪಡೆದು ಮಹಾನವಮಿಯ ಹೊತ್ತಿಗೆ ಹಣ ಸಲ್ಲಿಸಬೇಕು. 1520ರಲ್ಲಿ ರಾಯಚೂರಿನ ಮೇಲೆ ಹೋದ ಕೃಷ್ಣದೇವರಾಯನ ದಂಡಿನಲ್ಲಿ ಯಾವ ನಾಯಕ ಎಷ್ಟು ಮಂದಿ ತಂದನೆಂಬ ಪಟ್ಟಿಯನ್ನೂ ಅವನು ಕೊಡುತ್ತಾನೆ. ‘ಕಿತ್ತುಹಾಕಿದ’ ಎಂಬ ವಾಕ್ಯ ಬೇಕೇ ಬೇಕು ಎನ್ನುವವರು ನಾಯಕ ಎಂದು ಬರೆಯಲಿ, ತಕರಾರಿಲ್ಲ.

ಕಂಪಿಲರಾಯನನ್ನು ‘ದಿಲ್ಲಿಯ ಸಾಮಂತ’ ಎನ್ನುವುದನ್ನೂ ದಯವಿಟ್ಟು ನಿಲ್ಲಿಸಬೇಕು. ಅವನ ತಂದೆ ಮುಮ್ಮಡಿ ಸಿಂಗ ದೇವಗಿರಿಯ ಸೇವುಣರಿಗೆ ಸಾಮಂತನಾಗಿದ್ದ, ನಿಜ. ದೇವಗಿರಿ ಬಿದ್ದ ಮೇಲೆ ಮಗ ಕಂಪ್ಲಿ, ಕುಮ್ಮಟದುರ್ಗಗಳಲ್ಲಿ ಯಾರಿಗೂ ಬಾಗದೆ ಆಳಿದ. ದಿಲ್ಲಿಯ ಸುಲ್ತಾನನ ವಿರುದ್ಧ ಬಂಡೆದ್ದು ಓಡಿಬಂದ ಬಹಾವುದ್ದೀನ್ ಗುರ್ಷಾಸ್ಪನಿಗೆ ಆಸರೆ ಕೊಟ್ಟು, ಒಪ್ಪಿಸು ಎಂದಾಗ ಒಪ್ಪಿಸದೆ, 1327ರ ಹೊತ್ತಿಗೆ ರಾಜ್ಯವನ್ನೂ ಜೀವವನ್ನೂ ಕಳೆದುಕೊಂಡ. ಸಾಮಂತನಾಗಿದ್ದರೆ ಅದು ಆಜ್ಞೆ ಮೀರಿದ ದ್ರೋಹವಾಗುತ್ತಿತ್ತು. ಅವನು ಸ್ವತಂತ್ರ ಅರಸ, ಆದ್ದರಿಂದ ಅದು ಕೊಟ್ಟ ಮಾತು ಉಳಿಸಿಕೊಂಡ ಕತೆ. ಒಂದು ಪದ ತಪ್ಪಿದರೆ ಕುಮಾರರಾಮನ ತಂದೆಯ ಮೇಲೆ ಇಲ್ಲದ ಅಪವಾದ ಬೀಳುತ್ತದೆ.

ರಾಜನ ತಮ್ಮ, ಮಗ, ಅಕ್ಕತಂಗಿ ಒಂದು ನಾಡನ್ನು ಆಳುತ್ತಿದ್ದರೆ ಅವರನ್ನೂ ಸಾಮಂತರೆಂದು ಕರೆಯಬೇಡಿ. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ಅಕ್ಕ ಅಕ್ಕಾದೇವಿ ಕಿಸುಕಾಡು ಆಳಿದಳು, ಗೋಕಾಕದ ಕೋಟೆಗೆ ಮುತ್ತಿಗೆಯನ್ನೂ ಹಾಕಿದಳು. ಆಕೆ ರಾಜಮನೆತನದವಳಾಗಿಯೇ ಆಳಿದವಳು, ಗೆದ್ದು ಬಾಗಿಸಿದ ನೆರೆಯವರ ಸಾಲಿಗೆ ಸೇರುವವಳಲ್ಲ.