ಕೆನ್ನೆಯೊಳಗಿನ ಕೋಣೆಗೆ ಬಾಗಿಲು ಎಲ್ಲಿದೆ?

ಸಂಡೂರಿನ ನಮ್ಮ ಕಾಕಾಗೆ ಈಗ 68. ಮೇಲಿನ ತುಟಿ ಎತ್ತಿ ತೋರಿಸಿದರೆ ವಸಡಿನ ಮೇಲೆ ಒಂದು ಹಳೇ ಹೊಲಿಗೆಯ ಗೆರೆ ಕಾಣುತ್ತದೆ. 1994ರ ಆಪರೇಷನ್. ಆ ಕಡೆಯ ಕೆನ್ನೆ ಇವತ್ತಿಗೂ ಅರ್ಧ ಜೋಮು. ದಾಡಿ ಮಾಡುವಾಗ ಬ್ಲೇಡ್ ತಾಗಿದರೂ ಗೊತ್ತಾಗೋದಿಲ್ಲ. ಇನ್ನೊಂದು ಆಪರೇಷನ್ 2012ರಲ್ಲಿ ಆಯಿತು. ಅದರ ಗುರುತು ಹೊರಗೆ ಎಲ್ಲೂ ಇಲ್ಲ. ಎರಡೂ ಒಂದೇ ಕಾಯಿಲೆಗೆ, ಒಂದೇ ಕೆನ್ನೆಗೆ.

"ನನಗ ಸೈನಸ್ ಐತಲೇ ತಮ್ಮಾ" ಅಂತಾರೆ ಕಾಕಾ. ಬಳ್ಳಾರಿ ಕಡೆ ಮನೆಗೊಬ್ಬರು ಹೀಗೆ ಹೇಳುವವರು ಸಿಗುತ್ತಾರೆ. ಸೈನಸ್ ಎಲ್ಲರಿಗೂ ಇರುತ್ತೆ ಕಾಕಾ ಅಂದರೆ ಅವರಿಗೆ ಸಿಟ್ಟು. ಆದರೆ ನಿಜ ಅದೇ. ಸೈನಸ್ ಅಂದರೆ ಮುಖದ ಮೂಳೆಯೊಳಗಿನ ಟೊಳ್ಳು, ಗಾಳಿ ತುಂಬಿದ ಪುಟ್ಟ ಕೋಣೆ. ಒಟ್ಟು ನಾಲ್ಕು ಜೊತೆ. ಕೆನ್ನೆಯೊಳಗೆ ಒಂದು ಜೊತೆ, ಹಣೆಯಲ್ಲಿ ಹುಬ್ಬಿನ ಮೇಲೆ ಒಂದು, ಕಣ್ಣುಗಳ ನಡುವೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಗೂಡುಗಳು, ಮೂಗಿನ ಹಿಂದೆ ತಲೆಬುರುಡೆಯ ಆಳದಲ್ಲಿ ಇನ್ನೊಂದು ಜೊತೆ. ಇವುಗಳ ಒಳಪದರ ಊದಿಕೊಂಡರೆ ಅದು ಸೈನಸೈಟಿಸ್. ಜನ ಸೈನಸ್ ಅನ್ನೋ ನೋವೂ ಎಲ್ಲ ಸಲ ಅದೇ ಅಲ್ಲ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಮಗೆ ಸೈನಸ್ ತಲೆನೋವು ಅಂದುಕೊಂಡಿದ್ದ ಸುಮಾರು 3,000 ಜನರನ್ನು ಕೂರಿಸಿ ವಿಚಾರಿಸಿದರೆ, 88% ಮಂದಿಯ ಲಕ್ಷಣಗಳು ಮೈಗ್ರೇನ್‌ಗೆ ಹೊಂದಿದವು.

ಕಾಕಾದು ಮೈಗ್ರೇನ್ ಅಲ್ಲ. ಅವರ ಕೆನ್ನೆಯಲ್ಲಿ ಕೀವೇ ತುಂಬಿತ್ತು.

ಈ ಕೋಣೆಗಳ ವಿಷಯ ಗೊತ್ತಾಗಿದ್ದೇ ತಡವಾಗಿ. ಪಡಸೆ ಬಂದಾಗ ಸುರಿಯೋದೆಲ್ಲ ತಲೆಯೊಳಗಿನ ನೀರು ಅಂತ ನಮ್ಮಜ್ಜಿ ನಂಬಿದ್ದರು. ಅಜ್ಜಿಯನ್ನು ನೋಡಿ ನಗುವ ಹಾಗಿಲ್ಲ. ಗ್ರೀಕ್ ವೈದ್ಯ ಗೇಲನ್ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ: ಮಿದುಳಿನ ಕಸ ಸೋಸಿ ಮೂಗಿಗೆ ಇಳಿಯುತ್ತದೆ ಅಂತ. ಯುರೋಪು ಸಾವಿರ ವರ್ಷಕ್ಕೂ ಜಾಸ್ತಿ ಕಾಲ ಅದನ್ನು ನಂಬಿತು. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಆ ಹೆಸರು ಬಂದಿದ್ದು ಲೋಳೆ ಅನ್ನುವ ಲ್ಯಾಟಿನ್ ಪದದಿಂದ. ನಂಬಿಕೆ ಹೋಯಿತು, ಹೆಸರು ಉಳಿಯಿತು.

ಲಿಯೊನಾರ್ಡೊ ಡ ವಿಂಚಿ 1489ರಲ್ಲೇ ತಲೆಬುರುಡೆ ಕೊಯ್ದು ಕೆನ್ನೆಯ ಟೊಳ್ಳನ್ನು ಚಿತ್ರಿಸಿದ್ದ. ಆದರೆ ಆ ಹಾಳೆಗಳು ಅಚ್ಚಾಗಲಿಲ್ಲ. 1651ರಲ್ಲಿ ಇಂಗ್ಲೆಂಡಿನ ವೈದ್ಯ ನಥಾನಿಯಲ್ ಹೈಮೋರ್ ಅದನ್ನು ವಿವರವಾಗಿ ಬರೆದ. ಅವನ ಬಳಿ ಬಂದ ಒಬ್ಬ ಹೆಂಗಸಿಗೆ ಮೇಲಿನ ಹಲ್ಲು ಕಿತ್ತ ಮೇಲೆ ಆ ತೂತಿನಿಂದ ನೀರು ಜಿನುಗುತ್ತಲೇ ಇತ್ತಂತೆ. ಎಷ್ಟು ಆಳವಿದೆ ನೋಡೋಣ ಅಂತ ಆಕೆ ಒಂದು ಹಕ್ಕಿಗರಿ ತೂರಿಸಿದಳು. ಅದು ಹೋಗುತ್ತಲೇ ಇದ್ದದ್ದು ಕಂಡು ಮಿದುಳಿಗೇ ತಾಗಿತು ಅಂತ ಹೆದರಿಬಿಟ್ಟಳು. ಗರಿ ಹೋಗಿದ್ದು ಕೆನ್ನೆಯ ಟೊಳ್ಳಿಗೆ. ಮೇಲಿನ ದವಡೆ ಹಲ್ಲಿನ ಬೇರುಗಳು ಆ ಕೋಣೆಯ ನೆಲಕ್ಕೆ ಅಂಟಿಕೊಂಡ ಹಾಗೇ ಇರುತ್ತವೆ. ಹುಳುಕು ಹಲ್ಲಿನ ಕೀವು ಸೈನಸ್‌ಗೆ ಏರೋದು ಅದಕ್ಕೇ. ಇನ್ನು ಸಿಂಬಳ ಮಿದುಳಿನಿಂದಲ್ಲ, ಮೂಗಿನ ಒಳಪದರದಿಂದಲೇ ಬರುತ್ತದೆ ಅಂತ ಜರ್ಮನಿಯ ಶ್ನೈಡರ್ 1660ರಲ್ಲಿ ತೋರಿಸಿಕೊಟ್ಟ.

ಕೋಣೆ ಸಿಕ್ಕಿತು. ತಂಟೆ ಇದ್ದದ್ದು ಬಾಗಿಲಿನದು. ದೊಡ್ಡವರ ಕೆನ್ನೆಯ ಕೋಣೆಯಲ್ಲಿ ಸುಮಾರು 15 ಮಿಲಿಲೀಟರ್ ಹಿಡಿಯುತ್ತದೆ, ಮೂರು ಟೀ ಚಮಚದಷ್ಟು. ಅದು ಮೂಗಿಗೆ ತೆರೆದುಕೊಳ್ಳುವ ಕಿಂಡಿ ಕೆಲವೇ ಮಿಲಿಮೀಟರ್. ಅದೂ ಎಲ್ಲಿ? ನೆಲದ ಹತ್ತಿರ ಅಲ್ಲ, ಗೋಡೆಯ ಮೇಲ್ತುದಿಯಲ್ಲಿ. ಬಚ್ಚಲಿನ ತೂಬನ್ನು ಸೂರಿನ ಹತ್ತಿರ ಇಟ್ಟ ಹಾಗೆ. ಯಾವ ಗೌಂಡಿಯೂ ಹಾಗೆ ಕಟ್ಟೋದಿಲ್ಲ, ಅಲ್ವಾ?

ಡಾಕ್ಟರುಗಳಿಗೂ ಹಾಗೇ ಅನಿಸಿತು. 1893ರಲ್ಲಿ ನ್ಯೂಯಾರ್ಕಿನ ಕಾಲ್ಡ್‌ವೆಲ್, 1897ರಲ್ಲಿ ಪ್ಯಾರಿಸಿನ ಲುಕ್, ಬೇರೆ ಬೇರೆಯಾಗಿಯೇ ಒಂದೇ ಉಪಾಯ ಹೇಳಿದರು. ತುಟಿಯ ಒಳಗಿಂದ ಕೊಯ್ದು ಕೆನ್ನೆಮೂಳೆಗೆ ತೂತು ಹಾಕು, ಕೆಟ್ಟ ಪದರ ಕೆರೆದು ತೆಗೆ, ಕೀವು ತಾನಾಗಿ ಇಳಿಯಲಿ ಅಂತ ಮೂಗಿನೊಳಗೆ ತಳದಲ್ಲಿ ಹೊಸ ಕಿಂಡಿ ಮಾಡು. ನೂರು ವರ್ಷ ಹತ್ತಿರ ಹತ್ತಿರ ಇದೇ ನಡೆಯಿತು. ಕಾಕಾನ ತುಟಿಯೊಳಗಿನ ಗೆರೆಯೂ ಇದರದ್ದೇ. ಕೆನ್ನೆಗೆ ಹೋಗುವ ನರ ಅಲ್ಲೇ ಹತ್ತಿರ ಹಾಯುತ್ತದೆ, ಅದಕ್ಕೆ ಏಟು ಬಿದ್ದರೆ ಜೋಮು.

ಹೊಸ ಕಿಂಡಿ ತೆರೆದೇ ಇದ್ದರೂ ಎಷ್ಟೋ ಜನರಿಗೆ ಕೀವು ಮತ್ತೆ ಕಟ್ಟುತ್ತಿತ್ತು. ಯಾಕೆ ಅಂತ ಬಿಡಿಸಿ ತೋರಿಸಿದವರಲ್ಲಿ ದೊಡ್ಡ ಹೆಸರು ಆಸ್ಟ್ರಿಯಾದ ಗ್ರಾಜ್ ಊರಿನ ವಾಲ್ಟರ್ ಮೆಸ್ಸರ್‌ಕ್ಲಿಂಗರ್. ಸೈನಸ್ಸಿನ ಒಳಗೋಡೆಯ ತುಂಬ ಕಣ್ಣಿಗೆ ಕಾಣದ ರೋಮಗಳಿವೆ. ಭತ್ತದ ಗದ್ದೆಗೆ ಗಾಳಿ ಬೀಸಿದ ಹಾಗೆ ಅವು ಒಂದೇ ದಿಕ್ಕಿಗೆ ಬಾಗಿ ಏಳುತ್ತ ಲೋಳೆಯನ್ನು ತಳ್ಳುತ್ತಿರುತ್ತವೆ. ಮನುಷ್ಯ ಸತ್ತ ಮೇಲೂ ಕೆಲವು ಗಂಟೆ ಅವು ಆಡುತ್ತವೆ. ಹಾಗೆ ತಳ್ಳುವುದು ಯಾವ ಕಡೆಗೆ ಅಂದರೆ ಮೇಲಕ್ಕೆ, ಆ ಹಳೇ ಕಿಂಡಿಗೇ. ತಳದಲ್ಲಿ ಹೊಸ ತೂತು ಇದ್ದರೆ ಲೋಳೆಯನ್ನು ಅದರ ಪಕ್ಕದಿಂದ ಸುತ್ತಿಸಿ ಒಯ್ಯುತ್ತವೆ ಹೊರತು ಅದರಲ್ಲಿ ಸುರಿಯೋದಿಲ್ಲ. ಹಳೇ ದಾರಿಯಲ್ಲೇ ಊತ ಇದ್ದರೆ ಕೆಳಗೆ ಎಷ್ಟು ಕೊರೆದರೂ ಸುಮ್ನೆ. ಎಂಡೋಸ್ಕೋಪ್ ಅನ್ನುವ ಸಣ್ಣ ದುರ್ಬೀನು ಮೂಗಿನೊಳಗೆ ಬಂದ ಮೇಲೆ, ಸಿಟಿ ಸ್ಕ್ಯಾನ್ ಬಂದ ಮೇಲೆ, ಆ ಹಳೇ ಕಿಂಡಿಯನ್ನೇ ಬಿಡಿಸುವ ಕೆಲಸ ಶುರುವಾಯಿತು. 1985ರಲ್ಲಿ ಅಮೆರಿಕದ ಡೇವಿಡ್ ಕೆನಡಿ ಅದಕ್ಕೆ ಫಂಕ್ಷನಲ್ ಎಂಡೋಸ್ಕೋಪಿಕ್ ಸೈನಸ್ ಸರ್ಜರಿ ಅಂತ ಹೆಸರಿಟ್ಟರು. ನಮ್ಮ ಕಡೆ ಜನರ ಬಾಯಲ್ಲಿ ಅದು "ದುರ್ಬೀನ್ ಆಪರೇಷನ್". ಕಾಕಾನ ಎರಡನೇ ಆಪರೇಷನ್ ಇದೇ.

2021ರ ಬ್ಲ್ಯಾಕ್ ಫಂಗಸ್ ಸಮಯದಲ್ಲಿ ಜೀವ ಉಳಿಸಲು ಸತ್ತ ಭಾಗ ಕೆರೆದು ತೆಗೆದದ್ದೂ ಬಹಳ ಸಲ ಇದೇ ದುರ್ಬೀನಿನಿಂದ. ಆ ಬೂಸು ಮೂಗಿನಿಂದ ಕಣ್ಣಿಗೆ ಅಷ್ಟು ಬೇಗ ದಾಟಲು ಒಂದು ಕಾರಣ ಇದೆ. ಕಣ್ಣಿಗೂ ಪಕ್ಕದ ಸೈನಸ್‌ಗೂ ನಡುವಿನ ಮೂಳೆ ಎಷ್ಟು ತೆಳು ಅಂದರೆ ಅದರ ಹೆಸರಿನ ಅರ್ಥವೇ ಕಾಗದದ ಹಾಳೆ.

ಕಾಕಾನ ಕಥೆಗೆ ಬಂದರೆ, ಎರಡು ಆಪರೇಷನ್ನಿನ ನಡುವೆ ಅವರು ಅದಿರು ಲಾರಿ ಓಡಿಸಿದರು. ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲ. ರಸ್ತೆ ಬದಿಯ ಬೇವಿನ ಎಲೆಯೂ ಕೆಂಪು, ಹೆಗಲ ಮೇಲಿನ ಟವೆಲೂ ಕೆಂಪು, ಸೀನಿದರೆ ಸಿಂಬಳವೂ ಕೆಂಪು. ಮನುಷ್ಯ ದಿನಕ್ಕೆ ಸುಮಾರು 10,000 ಲೀಟರ್ ಗಾಳಿ ಎಳೆಯುತ್ತಾನೆ. ಅದರಲ್ಲಿನ 10 ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ದಪ್ಪ ಧೂಳು ಬಹುಪಾಲು ಮೂಗಿನಲ್ಲೇ ಸಿಕ್ಕಿಬೀಳುತ್ತದೆ. ಅಂದರೆ ಆ ಕೆಂಪು ಸಿಂಬಳ ಮೂಗು ಕೆಲಸ ಮಾಡುತ್ತಿದ್ದುದರ ಗುರುತು. ಕಣ್ಣಿಗೆ ಕಾಣದ ಸಣ್ಣ ಧೂಳು ಶ್ವಾಸಕೋಶಕ್ಕೇ ಇಳಿಯುತ್ತದೆ, ಅದು ಟವೆಲಿನಲ್ಲಿ ಕಾಣೋದಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿ ಮನೆ ಮುಂದೆ ನಿಂತಿತು. ಮರುವರ್ಷ ಕಾಕಾಗೆ ಆಸ್ಪತ್ರೆಗೆ ಹೋಗಲು ಪುರುಸೊತ್ತು ಸಿಕ್ಕಿತು.

ಈಗ ದಿನಾ ಬೆಳಿಗ್ಗೆ ಜಲನೇತಿ. ಕುದಿಸಿ ಆರಿಸಿದ ನೀರು, ಚಿಟಿಕೆ ಉಪ್ಪು. ನಲ್ಲಿಯ ಹಸಿನೀರು ಮಾತ್ರ ಮೂಗಿಗೆ ಹಾಕಬಾರದು, ಅದರಲ್ಲಿ ಅಮೀಬಾ ಇದ್ದರೆ ನೇರ ಮಿದುಳಿಗೆ ಹೋಗುವ ಅಪಾಯ ಇದೆ. ನೇತಿ ಮುಗಿಸಿ, ಮೂಗು ಸೀಟಿ, ಚಹಾ ಕುಡಿದು, ಪೇಪರ್ ಓದಿ, ಅರ್ಧ ತಾಸಾದ ಮೇಲೆ ಚಪ್ಪಲಿ ಹುಡುಕಲು ಕಾಕಾ ಬಗ್ಗುತ್ತಾರೆ. ಆಗ ಮೂಗಿನಿಂದ ತಟತಟ ನೀರು. ಇಷ್ಟೊತ್ತು ಕೆನ್ನೆಯ ಕೋಣೆಯಲ್ಲಿ ಕೂತಿದ್ದ ನೀರು ಅದು. ಬಗ್ಗಿದ್ದಕ್ಕೆ ಮೇಲಿದ್ದ ಕಿಂಡಿ ಕೆಳಗೆ ಬಂತು.

"ನೋಡಲೇ, ಇನ್ನೂ ಒಳಗ ಐತಿ" ಅಂತಾರೆ.